ಅವ್ವ, ನೀನು ಕೌದಿ ಹೊಲಿ

ಕಿಚನರ್, ಒಂಟಾರಿಯೊ
ಜೂನ್ 3

ಪ್ರೀತಿಯ ಅವ್ವನಿಗೆ ಸುಮಾ ಮಾಡುವ ನಮಸ್ಕಾರಗಳು.

ನಾವೆಲ್ಲ ಆರಾಮ. ಅಪ್ಪಾರ ಮೊಣಕಾಲು ಈಗ ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳೋಕೆ ಬೇಜಾರು ಮಾಡಿಕೊಳ್ಳಬೇಡಿ ಅಂತ ಹೇಳು.

ಮೊನ್ನೆ ಫೋನಿನಲ್ಲಿ ಇಲ್ಲೇ ಹತ್ತಿರದ ನ್ಯೂ ಹ್ಯಾಂಬರ್ಗ್ ಊರಿನ ಜಾತ್ರೆಯ ಮಾತು ಅರ್ಧಕ್ಕೇ ನಿಂತಿತು. "ಮುಂದಿನ ವರ್ಷ ನಾನು ಬಂದಾಗ ಏನಾದರೂ ಕೊಡಬಹುದಾ, ದುಡ್ಡೇ ಕೊಡಬೇಕಾ?" ಅಂತ ಕೇಳಿದೆಯಲ್ಲ, ಅದನ್ನು ಫೋನಿನಲ್ಲಿ ಹೇಳಿ ಮುಗಿಸೋಕೆ ಆಗಲ್ಲ. ಅದಕ್ಕೇ ಬರೀತಿದ್ದೇನೆ.

ಜಾತ್ರೆ ಅಂತ ನಾನು ಕರೆಯೋದು. ಇಲ್ಲಿಯವರು ಮೆನೊನೈಟ್ ರಿಲೀಫ್ ಸೇಲ್ ಅಂತಾರೆ. 1967ರಿಂದ ನಡೆದುಕೊಂಡು ಬಂದಿದೆ. ಮೇ ತಿಂಗಳ ಕೊನೆಯ ವಾರ, ಶುಕ್ರವಾರ ಸಂಜೆ ಶುರುವಾಗಿ ಶನಿವಾರ ಜೋರು. ಬಂದ ಹಣ ಎಂಸಿಸಿ, ಅಂದರೆ ಮೆನೊನೈಟ್ ಸೆಂಟ್ರಲ್ ಕಮಿಟಿಗೆ ಹೋಗುತ್ತೆ. ಯುದ್ಧ, ಬರ, ಭೂಕಂಪ ಆದ ಕಡೆ ಅನ್ನ, ಹೊದಿಕೆ ಕೊಡೋ ಸಂಸ್ಥೆ ಅದು. 1920ರಲ್ಲಿ ಈಗಿನ ಉಕ್ರೇನಿನ ಕಡೆ ಹಸಿವಿನಿಂದ ಜನ ಸಾಯುತ್ತಿದ್ದಾಗ ಹುಟ್ಟಿಕೊಂಡಿತು. 1942ರಲ್ಲಿ ನಮ್ಮ ದೇಶಕ್ಕೂ ಬಂತು. ಬಂಗಾಳದ ಆ ದೊಡ್ಡ ಬರಗಾಲದಲ್ಲಿ ಕೆಲಸ ಮಾಡಿದೆ. ಮೆನೊನೈಟರು ಯುದ್ಧಕ್ಕೆ ಬಂದೂಕು ಹಿಡಿಯಬಾರದು ಅನ್ನೋ ಕ್ರೈಸ್ತರು. ನಮ್ಮ ಸುತ್ತಮುತ್ತ ತುಂಬಾ ಜನ ಇದ್ದಾರೆ. ಕೆಲವರು ಈಗಲೂ ಕಪ್ಪು ಕುದುರೆಗಾಡಿಯಲ್ಲೇ ಓಡಾಡುತ್ತಾರೆ. ಎಲ್ಲರೂ ಹಾಗಲ್ಲ, ನನ್ನ ಜೊತೆ ಕೆಲಸ ಮಾಡೋ ಮೆನೊನೈಟ್ ಹುಡುಗಿ ನನಗಿಂತ ಜಾಸ್ತಿ ಫೋನ್ ನೋಡುತ್ತಾಳೆ.

"ಜಾತಿ ಕೆಡಿಸ್ತಾರೇನು?" ಅಂತ ಅತ್ತೆ ಹಿಂದಿನಿಂದ ಕೇಳಿದ್ದು ನನಗೂ ಕೇಳಿಸಿತು! ಇಲ್ಲ ಅಂತ ಹೇಳು. ನನ್ನನ್ನು ಯಾರೂ ಚರ್ಚಿಗೆ ಬಾ ಅನ್ನಲಿಲ್ಲ. ಏಪ್ರನ್ ಕಟ್ಟಿ ಸ್ಟ್ರಾಬೆರಿ ಮುಂದೆ ನಿಲ್ಲಿಸಿದರು, ಅಷ್ಟೇ.

ಗವಿಮಠದ ಜಾತ್ರೆಗೆ ನಮ್ಮ ಓಣಿಯವರೆಲ್ಲ ಸೇರಿ ರೊಟ್ಟಿ ಬಡಿದು ಕಳಿಸ್ತೀರಲ್ಲ, ಇಲ್ಲಿಯ ಲೆಕ್ಕವೂ ಹಾಗೇ. ಒಂದೊಂದು ಚರ್ಚಿನವರು ಒಂದೊಂದು ತಿಂಡಿ ಹೊತ್ತುಕೊಳ್ಳುತ್ತಾರೆ. ಆದರೆ ಅಲ್ಲಿ ಪುಕ್ಕಟೆ ಬಡಿಸ್ತೀರಿ, ಇಲ್ಲಿ ಮಾರುತ್ತಾರೆ. ದುಡಿಮೆ ಪುಕ್ಕಟೆ, ಸಾಮಾನಿನಲ್ಲೂ ಎಷ್ಟೋ ದಾನ ಬಂದದ್ದು. ಹಾಗಾಗಿ ಹೊಟ್ಟೆ ತುಂಬಾ ತಿಂದರೂ ಅದು ದಾನವೇ. ನಿನ್ನ ಅಳಿಯ ಈ ಬಗೆಯ ದಾನವನ್ನು ಬಹಳ ಶ್ರದ್ಧೆಯಿಂದ ಮಾಡಿದರು.

ನೀನು ಮಾತ್ರ ಕೇಳಿಯೇ ತಿನ್ನಬೇಕು. ಸ್ಟ್ರಾಬೆರಿ ಪೈ ನೋಡೋಕೆ ಶುದ್ಧ ಸಸ್ಯಾಹಾರ. ಅದರ ತಳದ ಹಿಟ್ಟಿಗೆ ಹಂದಿ ಕೊಬ್ಬು ಹಾಕೋ ರೂಢಿ ಇದೆ. ಸೇಬಿನ ಬಿಲ್ಲೆಯನ್ನು ಹಿಟ್ಟಿನಲ್ಲಿ ಅದ್ದಿ, ನಮ್ಮ ಬಜ್ಜಿಯಂತೆ ಕರಿಯುತ್ತಾರೆ, ಅದರಲ್ಲಿ ಮೊಟ್ಟೆ ಇರುತ್ತೆ. ಸ್ಪ್ರಿಂಗ್ ರೋಲ್ ಕೂಡ ಸಿಗುತ್ತೆ. ಮೆನೊನೈಟರ ಜಾತ್ರೆಯಲ್ಲಿ ಅದೇನು ಅಂತ ಮೊದಲು ನನಗೂ ಅನಿಸಿತ್ತು. 1979ರಲ್ಲಿ ವಿಯೆಟ್ನಾಂ, ಲಾವೋಸ್ ಕಡೆಯಿಂದ ಓಡಿಬಂದವರನ್ನು ಕರೆಸಿ ನೋಡಿಕೊಳ್ಳೋಕೆ ಕೆನಡಾ ಸರ್ಕಾರದ ಜೊತೆ ಮೊದಲು ಒಪ್ಪಂದ ಮಾಡಿಕೊಂಡದ್ದೇ ಎಂಸಿಸಿ. ಹಾಗೆ ಬಂದ ಕುಟುಂಬಗಳಲ್ಲಿ ಎಷ್ಟೋ ಈಗ ಈ ಚರ್ಚುಗಳಲ್ಲೇ ಇವೆ.

ಇನ್ನು ಹರಾಜು. ಮೊದಲು ಹರಾಜಾಗೋದು ಮನೆಯಲ್ಲಿ ಸುಟ್ಟ ಒಂದು ಬ್ರೆಡ್. ಅಂಗಡಿಯಲ್ಲಿ ನಾಲ್ಕೈದು ಡಾಲರಿಗೆ ಸಿಗೋ ಅಂಥದ್ದಕ್ಕೆ ಸಾವಿರದ ಮೇಲೆ ಕೂಗುತ್ತಾರೆ. ಬ್ರೆಡ್ಡಿಗೆ ಅಂತ ಯಾರೂ ಕೊಡೋದಿಲ್ಲ ಅನ್ನೋದು ಕೂಗೋನಿಗೂ ಗೊತ್ತು, ಕೊಳ್ಳೋನಿಗೂ ಗೊತ್ತು. ಆಮೇಲೆ ಕ್ವಿಲ್ಟ್‌ಗಳು. ಇದನ್ನು ನೀನು ನೋಡಲೇಬೇಕು ಅವ್ವ. ಮೂರು ಪದರ: ಮೇಲೆ ಬಣ್ಣದ ತುಂಡು ಜೋಡಿಸಿದ ಬಟ್ಟೆ, ನಡುವೆ ಹತ್ತಿಯ ಹಾಸು, ಕೆಳಗೆ ಅಡಿಬಟ್ಟೆ. ಮರದ ಚೌಕಟ್ಟಿಗೆ ಬಿಗಿದು ಹೆಂಗಸರು ಸುತ್ತ ಕೂತು ಕೈಯಲ್ಲೇ ಹೊಲಿಯುತ್ತಾರೆ. ಒಳ್ಳೇ ಕೈಯಾದರೆ ಒಂದು ಇಂಚಿಗೆ ಎಂಟು, ಹತ್ತು ಹೊಲಿಗೆ. ನಾನು ಒಂದರ ಅಂಚು ಮಡಚಿ ಹಿಂಬದಿ ನೋಡಿದೆ, ನೀನು ಕೌದಿ ನೋಡುತ್ತೀಯಲ್ಲ ಹಾಗೆ. ಗಂಟು ಎಲ್ಲೂ ಸಿಗಲಿಲ್ಲ. ದಾರದ ಗಂಟನ್ನು ಪದರದ ಒಳಗೇ ಎಳೆದು ಮುಚ್ಚಿಬಿಡುತ್ತಾರೆ.

ಕೈ ಅಷ್ಟು ಪಳಗಿಲ್ಲದವರಿಗೆ ಕಂಫರ್ಟರ್ ಇದೆ. ಅದು ಹರಾಜಿಗಲ್ಲ, ನಿರಾಶ್ರಿತರ ಶಿಬಿರಗಳಿಗೆ ಹೋಗೋ ಹೊದಿಕೆ. ಸಾಲು ಹೊಲಿಗೆ ಇಲ್ಲ. ದಪ್ಪ ದಾರದ ಸೂಜಿಯನ್ನು ಮೂರೂ ಪದರದಲ್ಲಿ ಕೆಳಗಿಳಿಸಿ, ಪಕ್ಕದಲ್ಲೇ ಮೇಲೆ ತೆಗೆದು, ಬಿಗಿ ಗಂಟು ಹಾಕಿ ಕತ್ತರಿಸೋದು. ಸ್ವಲ್ಪ ಸ್ವಲ್ಪ ದೂರ ಬಿಟ್ಟು ಇನ್ನೊಂದು ಗಂಟು. ಮಕ್ಕಳೂ ಕೂತು ಹಾಕುತ್ತಾರೆ. ಮತ್ತೆ ಶಾಲೆ ಮಕ್ಕಳಿಗೆ ಅಂತ ಲಾಡಿ ಹಾಕಿದ ಬಟ್ಟೆ ಚೀಲ ಹೊಲಿದು, ಅದರಲ್ಲಿ ನೋಟ್‌ಬುಕ್ಕು, ಪೆನ್ಸಿಲು, ಸ್ಕೇಲು, ರಬ್ಬರು, ಬಣ್ಣದ ಪೆನ್ಸಿಲು ತುಂಬಿಕೊಡಬಹುದು. ಏನೇನು, ಎಷ್ಟೆಷ್ಟು ಅಂತ ಪಟ್ಟಿ ಕೊಡುತ್ತಾರೆ. ಇನ್ನೇನೋ ಚೆನ್ನಾಗಿದೆ ಅಂತ ನಾವು ಸೇರಿಸೋ ಹಾಗಿಲ್ಲ. ಒಂದು ಮಗುವಿಗೆ ಗೊಂಬೆ ಬಂದು ಪಕ್ಕದ ಮಗುವಿಗೆ ಬರದಿದ್ದರೆ ಜಗಳ, ಅಲ್ವಾ.

ಸುಮ್ನೆ ಚೆಕ್ ಬರೆದುಕೊಟ್ಟು ಹೋಗೋರೂ ಇದ್ದಾರೆ. ಅವರಿಗೆ ತೆರಿಗೆಗೆ ರಸೀದಿ ಸಿಗುತ್ತೆ. ನೀನು ಅಲ್ಲಿಂದ ದುಡ್ಡು ಕಳಿಸೋ ಗೋಜಿಗೆ ಹೋಗಬೇಡ. ಬ್ಯಾಂಕಿನ ಫಾರ್ಮು, ಅವರ ಕಮಿಷನ್ನು, ಯಾಕೆ ಬೇಕು? ಅದನ್ನು ಗವಿಮಠಕ್ಕೇ ಕೊಡು. ಇಲ್ಲಿ ಕೊಡೋಕೆ ನಿನ್ನ ಹತ್ತಿರ ಇರೋದು ನಿನ್ನ ಹೊಲಿಗೆ. ನನ್ನ ಮಂಚದ ಮೇಲಿರೋ ನಿನ್ನ ಕೌದಿಯನ್ನು ನನ್ನ ಜೊತೆ ಕೆಲಸ ಮಾಡೋ ಆ ಮೆನೊನೈಟ್ ಹುಡುಗಿಗೆ ತೋರಿಸಿದೆ. ಅಂಚಿನಿಂದ ಶುರುವಾಗಿ ಒಳಗೆ ಒಳಗೆ ಸುತ್ತಿಕೊಂಡು ಹೋಗೋ ಸಾಲನ್ನು ಬೆರಳಿಟ್ಟು ನೋಡುತ್ತಾ ಕೂತಳು. ಇದನ್ನು ಚೌಕಟ್ಟೇ ಇಲ್ಲದೆ ನೆಲದ ಮೇಲೆ ಹಾಸಿಕೊಂಡು ಹೊಲೀತಾರೆ ಅಂದರೆ ನಂಬಲೇ ಇಲ್ಲ.

ಹಳೇ ಸೀರೆಯ ಕೌದಿಯನ್ನು ಹರಾಜಿಗೆ ತಗೋತಾರಾ ಅಂತ ಅಲ್ಲಿಯವರನ್ನು ಕೇಳಿ ತಿಳಿಸ್ತೇನೆ. ಅಲ್ಲಿಯವರೆಗೆ ಹೊಸ ಬಟ್ಟೆಯಲ್ಲೇ ಒಂದು ಶುರುಮಾಡು. ದೊಡ್ಡದು ಬೇಡ, ಒಬ್ಬರು ಹೊದೆಯೋ ಅಷ್ಟು ಸಾಕು. ಬಣ್ಣ ಹೋಗದ ಹತ್ತಿ ಬಟ್ಟೆ ನೋಡಿ ತಗೋ, ಮೊದಲು ಒಮ್ಮೆ ನೀರಿಗೆ ಹಾಕಿ ಒಣಗಿಸು. ವಿಮಾನದಲ್ಲಿ ಚೀಲಕ್ಕೆ 23 ಕಿಲೋ ಅಷ್ಟೇ ಬಿಡೋದು. ಕೌದಿ ಬಂದರೆ ಶೇಂಗಾ ಚಟ್ನಿ, ಗುರೆಳ್ಳು ಪುಡಿ ಸ್ವಲ್ಪ ಕಡಿಮೆ ಮಾಡಬೇಕಾಗುತ್ತೆ. ಅತ್ತೆಯನ್ನೂ ಜೊತೆಗೆ ಕೂರಿಸಿಕೋ, ಅವರ ಕೈ ನಿನಗಿಂತ ಸಣ್ಣ ಹೊಲಿಗೆ ಹಾಕುತ್ತೆ (ಇದನ್ನು ಓದಿ ಹೇಳಬೇಡ).

ಮತ್ತೆ ಟ್ರಂಕಿನಲ್ಲಿರೋ ಅಜ್ಜಿಯ ಇಳಕಲ್ ಸೀರೆಗೆ ಮಾತ್ರ ಕತ್ತರಿ ಹಾಕಬೇಡ. ಅದು ನನಗೆ ಬೇಕು.

ಅಪ್ಪಾರಿಗೆ, ಅತ್ತೆಗೆ ನಮಸ್ಕಾರ. ಮಕ್ಕಳಿಗೆ ಮುದ್ದು.

ನಿನ್ನ ಮಗಳು,
ಸುಮಾ