ಪಾತ್ರೆ ಬೋರಲು ಹಾಕಿಕೊಂಡ ಹೀರೋ: ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನ ನಗೆಚಿತ್ರಗಳನ್ನು ನೋಡಿ ಕಾಲೇಜಿನಲ್ಲಿ ಯಾರೋ "ಚೆನ್ನಾಗಿದೆ, ಆದರೆ ಸೀರಿಯಸ್ ಆಗಿ ಏನಾದರೂ ಮಾಡು" ಅಂದರಂತೆ. ಫೋನಿನಲ್ಲಿ ಮಾತಾಡಿದರೆ ನೀನು ಮಧ್ಯದಲ್ಲೇ "ಆಯ್ತು ಬಿಡಮ್ಮ" ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಒಬ್ಬರ ಪರಿಚಯ ಮಾಡಿಸಬೇಕು.

ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ದಪ್ಪ ಪುಸ್ತಕ ಸಿಕ್ಕಿತು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ 1981ರಲ್ಲಿ ತಂದ ಹಳೇ ಕಾಮಿಕ್ಸ್ ಸಂಗ್ರಹ. ನಿನ್ನಪ್ಪ ಬ್ಯಾಟ್‌ಮನ್ ಆಸೆಗೆ ಕೊಂಡರು. ನಾನು ಸುಮ್ನೆ ಹಾಳೆ ತಿರುಗಿಸುತ್ತಾ ಸ್ಕ್ರಿಬ್ಲಿ ಅನ್ನುವ ಹುಡುಗನ ಹತ್ತಿರ ನಿಂತುಬಿಟ್ಟೆ. ಈಗ ಕೇಳಿದರೆ ಕಾಮಿಕ್ಸ್ ಹುಚ್ಚರಲ್ಲೂ ಸುಮಾರು ಜನಕ್ಕೆ ಅವನು ಗೊತ್ತಿಲ್ಲ.

ಸ್ಕ್ರಿಬ್ಲಿ ಪುಟ್ಟ ಹುಡುಗ. ಪತ್ರಿಕೆಗೆ ಕಾರ್ಟೂನ್ ಬರೆಯಬೇಕು ಅನ್ನೋದೊಂದೇ ಅವನ ಹಠ. ಅವನನ್ನು ಸೃಷ್ಟಿಸಿದ ಶೆಲ್ಡನ್ ಮೇಯರ್‌ಗೆ 1936ರಲ್ಲಿ 19 ವರ್ಷ. (ಹುಟ್ಟಿದ್ದು ಏಪ್ರಿಲ್ 1ರಂದು, ನಗಬೇಡ.) ಆಗಿನ ಕಾಮಿಕ್ ಪುಸ್ತಕಗಳಲ್ಲಿ ಜಾಸ್ತಿ ಇದ್ದದ್ದು ದಿನಪತ್ರಿಕೆಗಳಲ್ಲಿ ಆಗಲೇ ಬಂದಿದ್ದ ಸ್ಟ್ರಿಪ್‌ಗಳ, ಅಂದರೆ ಸಾಲು ಚಿತ್ರಕಥೆಗಳ, ಮರುಮುದ್ರಣ. ಅವುಗಳ ನಡುವೆ ತನ್ನದು ಬೇರೆಯಾಗಿ ಕಾಣಬಾರದು ಅಂತ ಮೇಯರ್ ಸ್ಕ್ರಿಬ್ಲಿಯನ್ನು ಭಾನುವಾರದ ಪತ್ರಿಕೆಯ ಪುಟದ ಹಾಗೇ, ಮೇಲೆ ದೊಡ್ಡ ಶೀರ್ಷಿಕೆ ಹಾಕಿ ಬರೆದ. ಯಾವ ಪತ್ರಿಕೆಯಲ್ಲೂ ಬರದೇ ಇದ್ದದ್ದು, ಬಂದಿತ್ತೇನೋ ಅನ್ನುವ ಹಾಗೆ! ಈ ಕಿಲಾಡಿತನ ನನಗೆ ತುಂಬಾ ಇಷ್ಟವಾಯಿತು.

1939ರಲ್ಲಿ ಸ್ಕ್ರಿಬ್ಲಿ 'ಆಲ್-ಅಮೆರಿಕನ್ ಕಾಮಿಕ್ಸ್' ಅನ್ನುವ ಕಾಮಿಕ್ ಪತ್ರಿಕೆಯ ಮೊದಲ ಸಂಚಿಕೆಗೆ ಬಂದ. ಅಲ್ಲಿ ಮೇಯರ್‌ನೇ ಸಂಪಾದಕ. ಮೂರನೇ ಸಂಚಿಕೆಯಲ್ಲಿ ಬರುತ್ತಾಳೆ ನೋಡು, ಮಾ ಹಂಕಲ್. ನಾನು ನಿನಗೆ ಹೇಳಬೇಕು ಅಂದುಕೊಂಡಿದ್ದೇ ಇವಳ ವಿಷಯ. ದಿನಸಿ ಅಂಗಡಿ ಇಟ್ಟುಕೊಂಡ ಗಟ್ಟಿಮುಟ್ಟಾದ ಹೆಂಗಸು. ತೋಳುಗಳು ಕುಸ್ತಿ ಪೈಲ್ವಾನನದ್ದು. ಬಾಯಿ ಮಾತ್ರ ಬೀದಿಗೆಲ್ಲಾ ಕೇಳಬೇಕು.

1940ರ ಜುಲೈ ಸಂಚಿಕೆಯಲ್ಲಿ ಇದೇ ಪತ್ರಿಕೆಯಲ್ಲಿ ಗ್ರೀನ್ ಲ್ಯಾಂಟರ್ನ್ ಶುರುವಾಯಿತು. ಅದೇ ಮಾಯಾ ಉಂಗುರದ ಸೂಪರ್‌ಹೀರೋ. ನಾಲ್ಕೇ ತಿಂಗಳಿಗೆ, ನವೆಂಬರ್ ಸಂಚಿಕೆಯಲ್ಲಿ, ಮೇಯರ್ ಅವನನ್ನೇ ಗೇಲಿ ಮಾಡಿದ. ಕಥೆಯಲ್ಲಿ ಮಕ್ಕಳಿಗೆಲ್ಲ ಗ್ರೀನ್ ಲ್ಯಾಂಟರ್ನ್ ಹುಚ್ಚು. ಮಾ ಹಂಕಲ್ ಮಗಳು ಸಿಸ್ಟಿಯನ್ನೂ ಸ್ಕ್ರಿಬ್ಲಿಯ ತಮ್ಮ ಡಿಂಕಿಯನ್ನೂ ಪುಂಡರು ಹೊತ್ತುಕೊಂಡು ಹೋಗುತ್ತಾರೆ. ಆ ಗ್ರೀನ್ ಲ್ಯಾಂಟರ್ನ್ ಮಾಡುವ ಕೆಲಸ ನಾನ್ಯಾಕೆ ಮಾಡಬಾರದು ಅಂತ ಇವಳು ಹೊರಡುತ್ತಾಳೆ. ವೇಷ ಏನು ಗೊತ್ತಾ? ಚಳಿಗಾಲದ ಉದ್ದನೆಯ ಕೆಂಪು ಒಳಉಡುಪು, ಹಿಂದೆ ಒಂದು ಬಟ್ಟೆ, ತಲೆ ಮೇಲೆ ಬೋರಲು ಹಾಕಿದ ಅಡುಗೆ ಪಾತ್ರೆ. ಪಾತ್ರೆಗೆ ಕಣ್ಣಿಗೆ ಅಂತ ಎರಡು ತೂತು. ಹೆಸರು ರೆಡ್ ಟೊರ್ನೇಡೊ. ಉಂಗುರ ಇಲ್ಲ, ಹಾರೋದಿಲ್ಲ, ಮಂತ್ರ ತಂತ್ರ ಏನೂ ಇಲ್ಲ. ಕೈಗೆ ಸಿಕ್ಕವರಿಗೆ ಸರಿಯಾಗಿ ಬಾರಿಸುತ್ತಾಳೆ ಅಷ್ಟೆ. ಊರವರು ಅವಳನ್ನು ಗಂಡಸು ಅಂದುಕೊಳ್ಳುತ್ತಾರೆ! ಆಮೇಲೆ ಆ ಮಕ್ಕಳಿಬ್ಬರೂ ಅವಳ ಹಿಂದೆ ವೇಷ ಹಾಕಿಕೊಂಡು ಹೊರಡುತ್ತಾರೆ.

ಅದೇ ಚಳಿಗಾಲದಲ್ಲಿ, ಬೇರೊಂದು ಪತ್ರಿಕೆಯಲ್ಲಿ, ದೊಡ್ಡ ದೊಡ್ಡ ಸೂಪರ್‌ಹೀರೋಗಳು ಮೊದಲ ಸಲ ಒಂದು ಮೇಜಿನ ಸುತ್ತ ಸೇರುತ್ತಾರೆ. ಜಸ್ಟಿಸ್ ಸೊಸೈಟಿ. ಇವಳೂ ಹೋಗುತ್ತಾಳೆ. ಆದರೆ ಚಡ್ಡಿ ಹರಿದುಹೋಗಿ, ಬಂದ ದಾರಿಯಲ್ಲೇ ವಾಪಸ್ ಓಡಬೇಕಾಗುತ್ತದೆ. ವಂಡರ್ ವುಮನ್ ಬಂದದ್ದು ಇನ್ನೂ ಒಂದು ವರ್ಷ ಆದ ಮೇಲೆ, 1941ರ ಕೊನೆಯಲ್ಲಿ. ಅವಳ ಕಥೆಗೂ ಸಂಪಾದಕ ಇದೇ ಮೇಯರ್.

ಇದಕ್ಕೂ ಮುಂಚಿನ ಒಂದು ಸಂಗತಿ ಕೇಳು. ಪತ್ರಿಕೆಗಳಿಗೆ ಸ್ಟ್ರಿಪ್ ಮಾರುವ ಏಜೆನ್ಸಿಗಳೆಲ್ಲ ಬೇಡ ಅಂತ ತಳ್ಳಿಬಿಟ್ಟಿದ್ದ ಸೂಪರ್‌ಮ್ಯಾನ್ ಕಂತೆಯನ್ನು ಓದಿ, ಇದು ಚೆನ್ನಾಗಿದೆ ಅಂತ ಪಟ್ಟು ಹಿಡಿದವರಲ್ಲಿ ಈ ಮೇಯರ್‌ನೂ ಒಬ್ಬ. 1938ರಲ್ಲಿ ಅದು ಅಚ್ಚಾಯಿತು. ಮುಂದಿನದು ನಿನಗೇ ಗೊತ್ತು. ಅಂದರೆ ಸೂಪರ್‌ಹೀರೋಗಳನ್ನು ಗೇಲಿ ಮಾಡಿದವನು ಅವರನ್ನು ಬೆಳೆಸಿದವನೇ. ಒಂದು ಕೈಯಲ್ಲಿ ಗ್ರೀನ್ ಲ್ಯಾಂಟರ್ನ್ ಪುಟ ತಿದ್ದುತ್ತಾ, ಇನ್ನೊಂದು ಕೈಯಲ್ಲಿ ಪಾತ್ರೆ ಹೊತ್ತವಳನ್ನು ಬರೆಯುತ್ತಿದ್ದ. ಅವರ ಒಳಗುಟ್ಟೆಲ್ಲ ಗೊತ್ತಿದ್ದರಿಂದಲೇ ಅಷ್ಟು ಸರಿಯಾಗಿ ಕಚಗುಳಿ ಇಟ್ಟ ಅಂತ ನನಗನ್ನಿಸುತ್ತದೆ. ನಿನಗೆ ಬುದ್ಧಿ ಹೇಳಿದವರು ಇದನ್ನು ಸೀರಿಯಸ್ ಅನ್ನುತ್ತಾರೋ ಇಲ್ವೋ, ಕೇಳಿ ನೋಡು.

1944ಕ್ಕೆ ಸ್ಕ್ರಿಬ್ಲಿ 'ಆಲ್-ಅಮೆರಿಕನ್ ಕಾಮಿಕ್ಸ್'ನಲ್ಲಿ ನಿಂತಿತು. 1948ರಲ್ಲಿ ಮೇಯರ್ ಸಂಪಾದಕನ ಕುರ್ಚಿ ಬಿಟ್ಟು ಪೂರ್ತಿ ಚಿತ್ರಕ್ಕೇ ಕೂತ. ಸ್ಕ್ರಿಬ್ಲಿ ಹೆಸರಿನಲ್ಲೇ ಪತ್ರಿಕೆ ಬಂತು, 15 ಸಂಚಿಕೆ ಓಡಿತು. 1956ರಲ್ಲಿ ಇನ್ನೊಂದು ಶುರು ಮಾಡಿದ: ದೊಡ್ಡವರಿಗೆ ಅರ್ಥವಾಗದ ತೊದಲು ಭಾಷೆಯಲ್ಲಿ ಹರಟೆ ಹೊಡೆಯುವ ಎರಡು ಪುಟ್ಟ ಕೂಸುಗಳು, ಶುಗರ್ ಮತ್ತು ಸ್ಪೈಕ್. ಅದು 98 ಸಂಚಿಕೆ ಬಂತು. ಕಣ್ಣು ಕೈಕೊಟ್ಟಿದ್ದರಿಂದ 1971ರಲ್ಲಿ ನಿಲ್ಲಿಸಿದ. ತೀರಿಕೊಂಡದ್ದು 1991ರಲ್ಲಿ.

ಮೇಯರ್ ಕಾದು ಬೆಳೆಸಿದ ಸೂಪರ್‌ಹೀರೋಗಳ ಸಿನಿಮಾಗೆ ಇವತ್ತಿಗೂ ಕ್ಯೂ ನಿಲ್ಲುತ್ತಾರೆ. ಅವನ ಸ್ವಂತ ಹುಡುಗ ಮಾತ್ರ ಹಳೇ ಪುಸ್ತಕದ ಮಧ್ಯದಲ್ಲಿ ಸಿಗಬೇಕು. ನನಗೆ ಇದು ಸರಿ ಅನ್ನಿಸುವುದಿಲ್ಲ. ನಗೆ ಬರೆದವರನ್ನು ಬೇಗ ಮರೆಯುತ್ತಾರೆ ಅನ್ನೋದು ಸುಳ್ಳಲ್ಲ. ಅದನ್ನು ಮುಚ್ಚಿಟ್ಟು ನಿನ್ನನ್ನು ಹುರಿದುಂಬಿಸುವುದಕ್ಕೆ ನನಗೆ ಇಷ್ಟವಿಲ್ಲ.

ಪುಸ್ತಕ ಶನಿವಾರ ಕೊರಿಯರ್ ಮಾಡುತ್ತೇನೆ. ಮಾ ಹಂಕಲ್ ಪುಟದಲ್ಲಿ ಬಸ್ ಟಿಕೆಟ್ ಇಟ್ಟಿದ್ದೇನೆ. ಓದುವಾಗ ಪಾತ್ರೆಯ ತೂತಿನೊಳಗಿನ ಕಣ್ಣು ನೋಡು. ಮುಖವೇ ಕಾಣದ ಹೆಂಗಸಿಗೆ ಅವನು ಸಿಟ್ಟು, ಸಂಕೋಚ ಎಲ್ಲ ಹೇಗೆ ಬರಿಸುತ್ತಾನೆ ಅಂತ ನನಗೆ ಇನ್ನೂ ಗೊತ್ತಾಗಿಲ್ಲ. ಚಿತ್ರ ಬರೆಯುವವಳು ನೀನು, ನೋಡಿ ಹೇಳು. ಅಪ್ಪ ಇನ್ನೂ ಬ್ಯಾಟ್‌ಮನ್ ಮುಗಿಸಿಲ್ಲ, ವಾಪಸ್ ಕಳಿಸೋದು ಮರೆಯಬೇಡ.

ಅಮ್ಮ