ಅನ್ನ ಬಿಟ್ಟರೆ ಗಡ್ಡೆ ಸೊರಗುತ್ತದೆಯೇ?

ಮಾನ್ಯರೇ,

ನಮ್ಮ ಚಿಕ್ಕಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್. ಪೆಟ್ ಸ್ಕ್ಯಾನ್‌ನಲ್ಲಿ ಗಡ್ಡೆ ಕೆಂಡದ ಹಾಗೆ ಕಾಣುತ್ತಿತ್ತು. ಸ್ಕ್ಯಾನ್‌ಗೆ ಮೊದಲು ಚುಚ್ಚುವುದು ಗ್ಲೂಕೋಸ್‌ನಂಥದ್ದೇ ಒಂದು ವಸ್ತು, ಗಡ್ಡೆ ಅದನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ಅಷ್ಟು ಕೇಳಿದ್ದೇ ತಡ, ‘ಸಕ್ಕರೆ ಸಿಗದಿದ್ದರೆ ಗಡ್ಡೆ ಸೊರಗುತ್ತದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ನಂಬಿ ಅನ್ನ, ಬಾಳೆಹಣ್ಣು ಎಲ್ಲಾ ಬಿಟ್ಟರು. ಒಂದೂವರೆ ತಿಂಗಳಿಗೆ ಕೈಗಡಿಯಾರ ಮೊಣಕೈವರೆಗೂ ಜಾರುತ್ತಿತ್ತು. ಕೀಮೋ ಮುಂದಕ್ಕೆ ಹೋಯಿತು.

ಕ್ಯಾನ್ಸರ್ ಕೋಶಕ್ಕೆ ಗ್ಲೂಕೋಸ್ ಹಸಿವು ಜಾಸ್ತಿ ಅಂತ ಜರ್ಮನಿಯ ಆಟೊ ವಾರ್ಬರ್ಗ್ 1920ರ ದಶಕದಲ್ಲೇ ತೋರಿಸಿದ್ದರು, ನಿಜ. ಆದರೆ ಊಟ ಬಿಟ್ಟರೂ ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಸೊರಗುವುದು ರೋಗಿ, ಅಲ್ವಾ?

ಸಕ್ಕರೆ ಬದಲು ಆಮ್ಲಜನಕ ತಪ್ಪಿಸಿ ಗಡ್ಡೆ ಸೊರಗಿಸೋಣ ಅಂದರೆ, ಆಮ್ಲಜನಕದ ಕಥೆಯೂ ಸುಲಭದ್ದಲ್ಲ. ಗಡ್ಡೆಯೊಳಗೆ ಅದು ಕಮ್ಮಿಯಾದರೆ ರೇಡಿಯೇಷನ್ ಸರಿಯಾಗಿ ತಾಗುವುದಿಲ್ಲ, ಕೋಶಗಳು ಹೊಸ ರಕ್ತನಾಳ ಬೆಳೆಸಿಕೊಳ್ಳುತ್ತವೆ. ಆ ನಾಳಗಳನ್ನು ತಡೆಯುವ ಬೆವಾಸಿಜುಮ್ಯಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗೂ 2006ರಲ್ಲಿ ಒಪ್ಪಿಗೆ ಸಿಕ್ಕಿತು. ಕೀಮೋ ಜೊತೆ ಕೊಟ್ಟಾಗ ಬದುಕು ಸುಮಾರು 2 ತಿಂಗಳು ಹೆಚ್ಚಿತು, ಅಷ್ಟೇ. ಸ್ಕ್ವೇಮಸ್ (ಚಪ್ಪಟೆ ಕೋಶಗಳ) ಬಗೆಯ ಶ್ವಾಸಕೋಶದ ಗಡ್ಡೆಗೆ ಅದನ್ನು ಕೊಡುವಂತಿಲ್ಲ, ರಕ್ತಸ್ರಾವದ ಭಯ.

ಸ್ಕ್ಯಾನ್ ಕೋಣೆಯ ಹೊರಗೆ ‘ಗಡ್ಡೆ ಸೊರಗಲಿ ಅಂತ ಊಟ ಬಿಡಬೇಡಿ, ಡಾಕ್ಟರನ್ನು ಕೇಳಿ’ ಅಂತ ಕನ್ನಡದಲ್ಲಿ ಒಂದು ಚೀಟಿ ಅಂಟಿಸಬಾರದೇ?

– ಒಬ್ಬ ಓದುಗ, ದಾವಣಗೆರೆ