ಕ್ಯಾಶುವಾಲ್ಟಿಗೆ ಹೊರಟ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಸೋಮವಾರದಿಂದ ಕ್ಯಾಶುವಾಲ್ಟಿ, ಅಂದರೆ ತುರ್ತು ಚಿಕಿತ್ಸಾ ವಿಭಾಗದಲ್ಲಿ ಪೋಸ್ಟಿಂಗ್ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಆಗಿನಿಂದ ಇದನ್ನು ಬರೆಯಬೇಕು ಅನ್ನಿಸುತ್ತಿತ್ತು. ಇಡೀ ವರ್ಷದ ಇಂಟರ್ನ್‌ಶಿಪ್‌ನಲ್ಲಿ ಅದಕ್ಕೆ ಸಿಗುವುದು ಎರಡೇ ವಾರ. ಮೊದಲ ದಿನ ಓರಿಯೆಂಟೇಶನ್ ಇರುತ್ತದೆ. ಪಿಪಿಟಿ ತೋರಿಸುತ್ತಾರೆ, ಸಹಿ ಹಾಕಿಸಿಕೊಳ್ಳುತ್ತಾರೆ. ಗಮನ ಇಟ್ಟು ಕೇಳು. ಆದರೆ ಭಾನುವಾರ ಸಂಜೆಯೇ ಒಂದು ಸಲ ಅಲ್ಲಿಗೆ ಹೋಗಿ ಬಾ. ಜಿಲ್ಲಾಸ್ಪತ್ರೆಯ ಕ್ಯಾಶುವಾಲ್ಟಿಯಲ್ಲೇ ನರ್ಸ್ ಆಗಿ ಸರ್ವೀಸ್ ಕಳೆದವಳು ನಾನು. ನಿನ್ನಂಥ ಹೊಸ ಹೌಸ್ ಸರ್ಜನ್‌ಗಳಿಗೆ ಓದು ಸಾಲದು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಯಾವ ಸಾಮಾನು ಎಲ್ಲಿದೆ, ಯಾರನ್ನು ಕೇಳಬೇಕು ಅಂತ ತಿಳಿಯದೆ ಪರದಾಡುತ್ತಾರೆ.

ಎಮರ್ಜೆನ್ಸಿ ಟ್ರಾಲಿಯ ಪ್ರತಿ ಡ್ರಾಯರ್ ತೆಗೆದು ನೋಡು. ಹೃದಯ ನಿಂತಾಗ ಕೊಡುವ ಅಡ್ರಿನಲಿನ್ ಎಲ್ಲಿದೆ ಅಂತ ಕಣ್ಣು ಮುಚ್ಚಿದರೂ ಕೈಗೆ ಗೊತ್ತಿರಬೇಕು. ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ಬಲ್ಬ್ ಉರಿಯುತ್ತದಾ, ಕೈಯಿಂದ ಒತ್ತಿ ಉಸಿರು ಕೊಡುವ ದೊಡ್ಡವರ ಮತ್ತು ಮಕ್ಕಳ ಆಂಬು ಬ್ಯಾಗ್ ಎರಡಕ್ಕೂ ಮಾಸ್ಕ್ ಇದೆಯಾ, ಸಕ್ಷನ್ ಎಳೆಯುತ್ತದಾ, ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಚಾರ್ಜಿಗೆ ಹಾಕಿದ್ದಾರಾ, ಇಸಿಜಿ ಪೇಪರಿನ ಇನ್ನೊಂದು ರೋಲ್ ಎಲ್ಲಿದೆ, ಆಕ್ಸಿಜನ್ ಸಿಲಿಂಡರಿನ ಕೀ ಯಾರ ಹತ್ತಿರ ಇರುತ್ತದೆ. ಆ ಕೀ ಮಾತ್ರ ಬೇಕಾದ ಹೊತ್ತಿಗೆ ಯಾವ ಆಸ್ಪತ್ರೆಯಲ್ಲೂ ಜಾಗದಲ್ಲಿ ಇರುವುದಿಲ್ಲ. ಗ್ರೂಪ್ ಡಿ ಅಣ್ಣಂದಿರಿಗೆ ಗೊತ್ತಿರುತ್ತದೆ. ಅವರ ಹೆಸರು ಕೇಳಿ ತಿಳಿದುಕೋ, ಹೆಸರು ಹಿಡಿದೇ ಕರೆ.

ಸಿಸ್ಟರ್ ಹೇಳಿದರು ಅಂತ ಯಾವ ಆರ್ಡರನ್ನೂ ಕಣ್ಣು ಮುಚ್ಚಿ ಬರೆಯಬೇಡ. ಆದರೆ ಹಳೆಯ ಸಿಸ್ಟರ್ ಒಬ್ಬರು "ಡಾಕ್ಟ್ರೇ, ಆ ಮೂಲೆ ಬೆಡ್ ಒಂದ್ಸಲ ನೋಡಿ" ಅಂತ ಎರಡನೇ ಸಲ ಕರೆದರೆ, ಕೈಲಿರುವ ಕೇಸ್ ಶೀಟ್ ಬಿಟ್ಟು ಎದ್ದು ಹೋಗು. ನೋಡಿದ ಮೇಲೂ ಅರ್ಥವಾಗದಿದ್ದರೆ ಡ್ಯೂಟಿಯಲ್ಲಿರುವ ಪಿಜಿ ಡಾಕ್ಟರಿಗೆ ಫೋನ್ ಮಾಡು. ಮಲಗಿರುತ್ತಾರೇನೋ ಅಂತ ಸಂಕೋಚ ಬೇಡ. ಬೈದರೆ ಬೈಯಲಿ ಬಿಡು.

ಹಾವಿನ ವಿಷಯ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಮ್ಮ ಕಡೆಯ ಆಸ್ಪತ್ರೆಗೆ ಅದು ಬಂದೇ ಬರುತ್ತದೆ. ಹಾವು ಕಡಿಯಿತು ಅಂತ ಕೂಗಿಕೊಂಡು ಬಂದವರನ್ನು ಎಲ್ಲರೂ ನೋಡುತ್ತಾರೆ. ಬೆಳಗಿನ ಜಾವ 4 ಗಂಟೆಗೆ ಹೊಟ್ಟೆನೋವು ಅಂತ ಬಂದವರನ್ನು ನೀನು ನೋಡು. ರಾತ್ರಿ ನೆಲದ ಮೇಲೆ ಮಲಗಿದ್ದರಾ ಅಂತ ಕೇಳು. ಕಟ್ಟುಹಾವು ಕಡಿದರೆ ಎಷ್ಟೋ ಸಲ ಗಾಯವೂ ಕಾಣುವುದಿಲ್ಲ, ಊತವೂ ಇರುವುದಿಲ್ಲ, ನಿದ್ದೆಯಲ್ಲಿದ್ದವರಿಗೆ ಕಡಿದದ್ದೇ ಗೊತ್ತಾಗುವುದಿಲ್ಲ. ಗ್ಯಾಸ್ಟ್ರಿಕ್ ಅಂತ ಪ್ಯಾಂಟೋಪ್ರಜೋಲ್ ಕೊಟ್ಟು ಮಲಗಿಸಿದರೆ ಬೆಳಗಾಗುವಷ್ಟರಲ್ಲಿ ಉಸಿರಾಟ ನಿಂತಿರಬಹುದು. ರೆಪ್ಪೆ ಜೋಲುತ್ತಿದೆಯಾ, ತಲೆ ಎತ್ತಲು ಆಗುತ್ತದಾ, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ, ಇಷ್ಟನ್ನು ಮತ್ತೆ ಮತ್ತೆ ನೋಡಿ ಟೈಮ್ ಸಮೇತ ಬರೆದಿಡು.

ರಕ್ತ ಹೆಪ್ಪುಗಟ್ಟುವ ಟೆಸ್ಟ್ ನೀನೇ ಮಾಡು. 2 ಎಂಎಲ್ ರಕ್ತ, ಹೊಸ, ಒಣ ಗಾಜಿನ ಟ್ಯೂಬ್, 20 ನಿಮಿಷ ಅಲುಗಾಡಿಸದೆ ಇಟ್ಟು ಆಮೇಲೆ ಬಗ್ಗಿಸಿ ನೋಡು. ಪ್ಲಾಸ್ಟಿಕ್ ಟ್ಯೂಬ್ ಆಗುವುದಿಲ್ಲ. ಸೋಪಿನಲ್ಲಿ ತೊಳೆದ ಟ್ಯೂಬೂ ಬೇಡ. ಎರಡರಲ್ಲೂ ಟೆಸ್ಟ್ ಸುಳ್ಳು ಹೇಳುತ್ತದೆ. ರಕ್ತ ಹೆಪ್ಪುಗಟ್ಟಲು ಬಿಡದ ಮಂಡಲದ ಹಾವಿನ ವಿಷಕ್ಕೆ ಈ ಟೆಸ್ಟ್ ಸರಿ. ನಾಗರಹಾವು, ಕಟ್ಟುಹಾವು ಕಡಿದಾಗ ರಕ್ತ ಸರಿಯಾಗಿಯೇ ಹೆಪ್ಪುಗಟ್ಟುತ್ತದೆ. ಅದನ್ನು ನೋಡಿ ವಿಷ ಏರಿಲ್ಲ ಅಂತ ಮನೆಗೆ ಕಳಿಸಬೇಡ. ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ ಔಷಧಿ ಶುರು ಮಾಡುವ ಮೊದಲೇ, ರಿಯಾಕ್ಷನ್ ಆದರೆ ಬೇಕು ಅಂತ ಅಡ್ರಿನಲಿನ್ ಸಿರಿಂಜಿಗೆ ತುಂಬಿ ಪಕ್ಕದಲ್ಲಿಟ್ಟುಕೋ. ಮಗು ಚಿಕ್ಕದು ಅಂತ ಎಎಸ್‌ವಿ ಡೋಸ್ ಕಡಿಮೆ ಮಾಡಬಾರದು, ಹಾವು ಬಿಡುವ ವಿಷ ಎಲ್ಲರಿಗೂ ಅಷ್ಟೇ ಅಲ್ವಾ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ವರದಿ ಮಾಡಲೇಬೇಕು. ಆ ಫಾರಂ ತುಂಬುವ ಕೆಲಸ ಹೇಗೂ ನಿನ್ನ ತಲೆಗೇ ಬರುತ್ತದೆ.

ಎದೆನೋವು ಅಂತ ಯಾರೇ ಬಂದರೂ 10 ನಿಮಿಷದೊಳಗೆ ಇಸಿಜಿ ಆಗಬೇಕು. "ಗ್ಯಾಸ್ಟ್ರಿಕ್ ಮೇಡಂ, ಒಂದು ಇಂಜೆಕ್ಷನ್ ಹಾಕಿ ಕಳಿಸಿ" ಅಂತ ಅವರೇ ಹೇಳಿದರೂ ಸರಿ. ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟು ಕಳಿಸುತ್ತಾರೆ. ಒಳ್ಳೆಯದೇ. ಹಾಗೆ ಬಂದವರ ರೆಫರಲ್ ಚೀಟಿಯನ್ನು ಪೂರ್ತಿ ಓದು, ಎಷ್ಟು ಹೊತ್ತಿಗೆ ಕೊಟ್ಟರು ಅಂತ ನೋಡು. ಅದು ಕೊಟ್ಟ ಮೇಲೆ ನೋವು ಅಂತ ಸೊಂಟಕ್ಕೆ ಡೈಕ್ಲೋಫಿನ್ಯಾಕ್ ನೋವಿನ ಇಂಜೆಕ್ಷನ್ ಚುಚ್ಚಿಸಬೇಡ. ಅಲ್ಲೇ ರಕ್ತ ಕಟ್ಟಿಕೊಳ್ಳುತ್ತದೆ.

ಎಂಎಲ್‌ಸಿ, ಅಂದರೆ ಅಪಘಾತ, ಹೊಡೆದಾಟದಂಥ ಪೊಲೀಸರಿಗೆ ತಿಳಿಸಬೇಕಾದ ಕೇಸಿಗೆ ಹೆದರಬೇಡ. ಪೊಲೀಸರು ಬರುವವರೆಗೆ ಮುಟ್ಟುವುದಿಲ್ಲ ಅನ್ನುವ ಕಾಲ ಹೋಯಿತು. ಮೊದಲು ಜೀವ, ಆಮೇಲೆ ಕಾಗದ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಆದರೆ ಕಾಗದ ಬರೆಯುವಾಗ ಬಂದ ಟೈಮ್, ಕರೆತಂದವರ ಹೆಸರು, ಮೈಮೇಲಿನ ಎರಡು ಗುರುತು ಬಿಡಬೇಡ. ಕಂಡದ್ದನ್ನು ಬರೆ, ಊಹಿಸಿದ್ದನ್ನು ಬರೆಯಬೇಡ.

ಪೇಶೆಂಟ್ ಕಡೆಯವರಿಗೆ ಆಗಾಗ ಹೊರಗೆ ಹೋಗಿ ಎರಡು ಮಾತು ಹೇಳು. ಏನೂ ಹೇಳದೆ ಗಂಟೆಗಟ್ಟಲೆ ಕೂರಿಸಿದಾಗಲೇ ಗಲಾಟೆ ಶುರುವಾಗುವುದು. ಸಾವಿನ ಸುದ್ದಿ ಮಾತ್ರ ಒಬ್ಬಳೇ ಹೋಗಿ ಹೇಳಬೇಡ, ಸೀನಿಯರ್ ಜೊತೆಗಿರಲಿ. ಕೋಲ್ಕತ್ತಾದಲ್ಲಿ 2024ರಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರ್ ಹುಡುಗಿಗೆ ಆಸ್ಪತ್ರೆಯಲ್ಲೇ ಅತ್ಯಾಚಾರ, ಕೊಲೆ ಆದದ್ದು ನಿನಗೂ ಗೊತ್ತು, ನನಗೂ ಗೊತ್ತು. ಡ್ಯೂಟಿ ರೂಮಿನ ಚಿಲಕ ಸರಿ ಇಲ್ಲದಿದ್ದರೆ ಮೊದಲ ದಿನವೇ ಬರೆದು ಕೊಡು. ಸರಿ ಮಾಡುವವರೆಗೆ ನರ್ಸಿಂಗ್ ಸ್ಟೇಷನ್ ಪಕ್ಕದಲ್ಲೇ ಕೂತಿರು.

ಸೂಜಿ ಚುಚ್ಚಿಕೊಂಡರೆ ಹಿಂಡಬೇಡ. ಸೋಪು ನೀರಿನಲ್ಲಿ ತೊಳೆದು ಕೂಡಲೇ ಹೇಳು. ಎಚ್‌ಐವಿ ತಡೆಯುವ ಮಾತ್ರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಆಗಿದೆ, ಅದು ಹಿಡಿದಿದೆಯಾ ಅಂತ ತಿಳಿಸುವ ಟೈಟರ್ ರಕ್ತಪರೀಕ್ಷೆ ಮಾಡಿಸಿಲ್ಲ ಅಂದಿದ್ದೆ. ಶನಿವಾರ ಲ್ಯಾಬ್ ತೆರೆದಿರುತ್ತದೆ, ರಕ್ತ ಕೊಟ್ಟು ಬಾ. ರಿಪೋರ್ಟ್ ಬಂದ ಮೇಲೆ ಅಪ್ಪನ ವಾಟ್ಸಾಪ್‌ಗೆ ಕಳಿಸು, ನನ್ನ ಫೋನ್ ರಿಪೇರಿಗೆ ಕೊಟ್ಟಿದೆ.

ನಿನ್ನ
ಅಮ್ಮ